ಬೇಲಿಗೆ ಎಷ್ಟು ವಾರ ರಜೆ? ಗವ್‌ನ ಬೆನ್ನು, ನಮ್ಮ ತಮಾಷೆಗಳು

ಪರ್ತ್_ಪಡಸಾಲೆ:
ನಿನ್ನೆ ರಾತ್ರಿ ಊಟ ಆದಮೇಲೆ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು 2018ರ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಗ್ರ್ಯಾಂಡ್ ಫೈನಲ್‌ನ ಕೊನೇ ನಿಮಿಷಗಳನ್ನ ತೋರಿಸಿದೆ. ಆ ಮ್ಯಾಚ್ ನಡೆದಾಗ ಅವಳು ತೊಟ್ಟಿಲಲ್ಲಿದ್ದಳು. ನಮ್ಮ ವೆಸ್ಟ್ ಕೋಸ್ಟ್ ಈಗಲ್ಸ್ ಎರಡು ಪಾಯಿಂಟ್ ಹಿಂದೆ. ಕಾಲಿಂಗ್‌ವುಡ್ ಒದ್ದ ಚೆಂಡನ್ನ ನಮ್ಮ ಡಿಫೆಂಡರ್ ಜೆರೆಮಿ ಮೆಕ್‌ಗವರ್ನ್, ನಮ್ಮೆಲ್ಲರ ಗವ್, ಎಗರಿ ಹಿಡಿದ. ಅವನಿಂದ ನೇಥನ್ ವಾರ್ಡಿಗೆ, ವಾರ್ಡಿಯಿಂದ ಲಿಯಮ್ ರಯಾನ್‌ಗೆ, ರಯಾನ್‌ನಿಂದ ಡಾಮ್ ಶೀಡ್‌ಗೆ. ಶೀಡ್ ಬೌಂಡರಿ ಗೆರೆ ಪಕ್ಕ ನಿಂತು ಆ ಇಕ್ಕಟ್ಟಿನ ಕೋನದಿಂದ ಹೊಡೆದ ಗೋಲು ಇವತ್ತಿಗೂ ನನಗೆ ಮೈ ಜುಮ್ ಅನಿಸುತ್ತೆ. 79-74, ಐದು ಪಾಯಿಂಟ್‌ನಲ್ಲಿ ಕಪ್ ನಮ್ಮದು.

ನಾನು ಹೆಮ್ಮೆಯಿಂದ ಹೇಳಿದೆ, "ನೋಡು ಪುಟ್ಟಿ, ಹಿಂದಿನ ವಾರ ಮೆಲ್ಬರ್ನ್ ತಂಡದ ಜೊತೆ ಆಡುವಾಗ ಈ ಗವ್‌ಗೆ ಪಕ್ಕೆಗೆ ಭಾರೀ ಪೆಟ್ಟು ಬಿದ್ದಿತ್ತು. ಆದರೂ ಬಂದು ಆಡಿದ." ಅವಳು ಕೇಳಿದ್ದು ಒಂದೇ, "ನೋವಿದ್ರೆ ಯಾಕೆ ಆಡಿದ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ತೇಲಿಸೋಕೆ 2019ರ ಬೇಲಿ ಕತೆ ಹೇಳಿದೆ. ಆ ವರ್ಷದ ಶುರುವಲ್ಲಿ ಫೈನಲ್ ನಡೆದ ಅದೇ ಎಂಸಿಜಿಯಲ್ಲಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ), ಅದೇ ಕಾಲಿಂಗ್‌ವುಡ್ ಎದುರು, ಗವ್ ಬೌಂಡರಿ ಬೇಲಿಗೆ ಹೋಗಿ ಅಪ್ಪಳಿಸಿ ಬೆನ್ನು ನೋಯಿಸಿಕೊಂಡ. ಸೋಮವಾರ ಆಫೀಸಿನಲ್ಲಿ ನಾವೆಲ್ಲ ಕೇಳ್ತಿದ್ದದ್ದು, "ಪಾಪ, ಬೇಲಿಗೆ ಎಷ್ಟು ವಾರ ರಜೆಯಂತೆ?" ಮಗಳು ಬಿದ್ದು ಬಿದ್ದು ನಕ್ಕಳು.

ಗವ್ 2025ರ ಮೇ ತಿಂಗಳಲ್ಲಿ ಆಟ ಬಿಟ್ಟ. 197 ಪಂದ್ಯ, ಐದು ಸಲ ಆಲ್ ಆಸ್ಟ್ರೇಲಿಯನ್ ತಂಡ, ಅಂದ್ರೆ ಆ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ. ಅವನ ಬೆನ್ನಿನ ಮೇಲೆ ಹುಟ್ಟಿದ ತಮಾಷೆಗಳನ್ನೆಲ್ಲ ಒಂದು ಕಡೆ ಸೇರಿಸೋಣ ಅಂತ ಆಸೆ. ನಿಮಗೆ ನೆನಪಿರೋದು, ಈಗ ಹೊಳೆದದ್ದು, ಎಲ್ಲ ಹಾಕಿ.

ಮ್ಯಾಗ್‌ಪೈ_ಮಂಡ್ಯ:
ಅಣ್ಣ, ಬೆಳಿಗ್ಗೆ ಬೆಳಿಗ್ಗೆ 2018 ನೆನಪಿಸಿಬಿಟ್ರಲ್ಲ! ನಾನು ಅವತ್ತು ಎಂಸಿಜಿಯಲ್ಲೇ ಇದ್ದೆ. ಒಂದು ಲಕ್ಷ ಜನ. ಮೊದಲ ಐದು ಗೋಲು ನಮ್ಮ ಕಾಲಿಂಗ್‌ವುಡ್‌ನವೇ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಆಗಲೇ ಕಣ್ಣೊರೆಸಿಕೊಳ್ಳೋಕೆ ಶುರು ಮಾಡಿದ್ರು. ಕೊನೆಗೆ ಆದದ್ದು ಎಲ್ಲರಿಗೂ ಗೊತ್ತು.

ಆದರೂ ಒಂದು ಹೇಳ್ತೀನಿ. ಗವ್‌ನಂಥ ಡಿಫೆಂಡರ್‌ನ ಎದುರಾಳಿಯಾಗಿ ನೋಡೋದೇ ಒಂದು ಭಾಗ್ಯ. ನನ್ನ ಕಡೆಯಿಂದ ಒಂದು: "ಬೇರೆಯವರು ಬೆನ್ನು ನೋವಾದಾಗ ಮಂಚಕ್ಕೆ ಒರಗ್ತಾರೆ. ಗವ್‌ಗೆ ಬೆನ್ನು ನೋವಾದಾಗ ಮಂಚ ಗವ್‌ಗೆ ಒರಗುತ್ತೆ."

ಟಾರ್ನೀಟ್_ಹೊಸಬ:
ಸರ್, ನಾನು ದಾವಣಗೆರೆಯಿಂದ ಬಂದು ಆರು ತಿಂಗಳಾಯ್ತು. ಆಫೀಸಲ್ಲಿ ಎಲ್ಲರೂ ಬರೀ ಫುಟಿ ಫುಟಿ ಅಂತಾರೆ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ, ತೋಳಿಲ್ಲದ ಬನಿಯನ್ ಹಾಕ್ಕೊಂಡು ಒಬ್ಬರ ಮೇಲೊಬ್ಬರು ಹತ್ತುತ್ತಾರೆ. ಬೆನ್ನಿಗೆ ಪೆಟ್ಟಾಗದೆ ಇನ್ನೇನಾಗುತ್ತೆ? ಸ್ವಲ್ಪ ಬಿಡಿಸಿ ಹೇಳ್ತೀರಾ?

ಪರ್ತ್_ಪಡಸಾಲೆ:
@ಟಾರ್ನೀಟ್_ಹೊಸಬ ಬನ್ನಿ ಬನ್ನಿ. ಮೈದಾನ ಕ್ರಿಕೆಟ್ಟಿಂದೇ, ಮೊಟ್ಟೆಯಾಕಾರ. ಒಂದೊಂದು ಕಡೆ 18 ಜನ. ನಡುವಿನ ಎರಡು ಉದ್ದ ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಪಾಯಿಂಟ್. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಒಂದು. ಯಾರಾದರೂ 15 ಮೀಟರ್‌ಗಿಂತ ದೂರ ಒದ್ದ ಚೆಂಡನ್ನ ನೆಲಕ್ಕೆ ಬೀಳೋ ಮುಂಚೆ ಹಿಡಿದರೆ ಅದು "ಮಾರ್ಕ್". ಹಿಡಿದವನು ನಿಂತು ನಿಧಾನವಾಗಿ ಒದೆಯಬಹುದು. ಅದಕ್ಕೇ ಎಲ್ಲರೂ ಆಕಾಶಕ್ಕೆ ಎಗರೋದು. ಎಗರೋಕೆ ಏಣಿ ಬೇಕಲ್ಲ? ಎದುರಾಳಿಯ ಬೆನ್ನೇ ಏಣಿ. ಮಂಡಿ ಊರೋದು ಅಲ್ಲೇ.

ಹಾಕ್ಸ್_ಹುಬ್ಬಳ್ಳಿ:
ಗವ್ ಗಟ್ಟಿ ಮನಷ್ಯಾ, ಒಪ್ಕೋತೇನ್ರಿ. ಆದ್ರ ನಾ ಒಂದ್ ಕತಿ ಹೇಳ್ತೇನಿ ಕೇಳ್ರಿ. 1989ರ ಗ್ರ್ಯಾಂಡ್ ಫೈನಲ್, ನಮ್ಮ ಹಾಥಾರ್ನ್ ವರ್ಸಸ್ ಗೀಲಾಂಗ್. ಆಗ ನಾ ಹುಬ್ಬಳ್ಳ್ಯಾಗ ಸಾಲಿ ಹುಡುಗ, ಈ ಆಟದ ಹೆಸರೂ ಕೇಳಿದ್ದಿಲ್ಲ. ಇಲ್ಲಿ ಬಂದಮ್ಯಾಲೆ ನನ್ನ ಕೂಡ ಕೆಲಸಾ ಮಾಡತಿದ್ದ ಹಿರ್ಯಾರೊಬ್ರು ಕ್ಯಾಸೆಟ್ ಕೊಟ್ರು. ಅವತ್ತಿಂದ ನಾ ಹಾಕ್ಸ್, ಅಂದ್ರ ಹಾಥಾರ್ನ್ ಕಡ್ಯಾಂವ.

ಮೊದಲನೇ ಬೌನ್ಸ್, ಅಂದ್ರ ಅಂಪೈರ್ ಚೆಂಡು ನೆಲಕ್ಕ ಪುಟಿಸಿ ಆಟಾ ಶುರು ಮಾಡೂದು. ಚೆಂಡು ಇನ್ನೂ ಮ್ಯಾಲೇ ಐತಿ. ಗೀಲಾಂಗ್‌ನ ಮಾರ್ಕ್ ಯೇಟ್ಸ್ ಓಡಿಬಂದು ನಮ್ಮ ಡರ್ಮಟ್ ಬ್ರೆರೆಟನ್‌ಗ ಹೊಡದಾ ನೋಡ್ರಿ, ಪಕ್ಕಿ ಎಲುಬು ಹೋತು. ಮನಷ್ಯಾ ಮೈದಾನದಾಗ ವಾಂತಿ ಮಾಡ್ದ. ಹೊರಗ ಹೋಗಂಗಿಲ್ಲ ಅಂದ. ಮೂರು ಗೋಲ್ ಹೊಡದ! ಅದ ಪಂದ್ಯದಾಗ ನಮ್ಮ ಡಿಪಿಯೆರ್ಡೊಮೆನಿಕೊ ಪುಪ್ಪುಸಕ್ಕ ತೂತು ಬಿದ್ರೂ ಆಡಿದ, ಆಮ್ಯಾಲೆ ಸೀದಾ ದವಾಖಾನಿ. ಗೀಲಾಂಗ್ ಕಡಿಂದ ಗ್ಯಾರಿ ಆ್ಯಬ್ಲೆಟ್ ಒಬ್ಬನ ಒಂಬತ್ತು ಗೋಲ್ ಹೊಡದ್ರೂ ಗೆದ್ದದ್ದು ನಾವು, ಆರು ಪಾಯಿಂಟ್‌ಲೆ.

ಹಿಂಗಾಗಿ ನಮ್ಮ ಕಡಿ ಜೋಕ್ ಹೆಂಗಂದ್ರ: "ಬ್ರೆರೆಟನ್‌ಗ ಡಾಕ್ಟರ್ ಎಕ್ಸ್‌ರೇ ತಗದ್ರಂತ. ಎಕ್ಸ್‌ರೇದಾಗ ಎಲುಬು ಕಾಣಲಿಲ್ಲಂತ, ಬರೇ ಹಟಾ ಕಂಡತಂತ."

ಮ್ಯಾಗ್‌ಪೈ_ಮಂಡ್ಯ:
"ಬರೇ ಹಟಾ ಕಂಡತಂತ" 😂 ಹುಬ್ಬಳ್ಳಿ ಅಣ್ಣಾ, ಇದು ನಂಬರ್ ಒನ್!

ಪರ್ತ್_ಪಡಸಾಲೆ:
ನಮ್ಮ ಗುಂಪಲ್ಲಿ 2019ರಲ್ಲಿ ಓಡಾಡಿದವು, ನೆನಪಿದ್ದಷ್ಟು:
"ಗವ್ ಯಾವತ್ತೂ ಬೆನ್ನು ತೋರಿಸಿದವನಲ್ಲ. ಡಾಕ್ಟರಿಗೇ ಮೊದಲ ಸಲ ತೋರಿಸಿದ್ದು."
"ಬ್ಯಾಕ್‌ಲೈನ್‌ನಲ್ಲಿ ಆಡೋನಿಗೇ ಬ್ಯಾಕ್ ಹೋದರೆ ತಂಡದ ಬೆನ್ನಿಗೆ ನಿಲ್ಲೋರು ಯಾರು?"
"ಸ್ಕ್ಯಾನಿಂಗ್‌ಗೆ ಮಲಗಿಸಿದರಂತೆ. ಮಷೀನೇ ಎರಡು ಸಲ ಉಸಿರು ಬಿಗಿ ಹಿಡೀತಂತೆ."

ಕಿರಿಕ್_ಕಾರ್ಲ್‌ಟನ್:
ಬೆನ್ನು ನೋವು ಅನ್ನೋದು ದೊಡ್ಡ ನೆಪ ಅಷ್ಟೆ. ಹಳೇ ಕಾಲದೋರು ಇದಕ್ಕೆಲ್ಲ ಕೂರ್ತಿರಲಿಲ್ಲ. ಈಗಿನವರಿಗೆ ಉಳುಕಿದರೂ ನಾಲ್ಕು ವಾರ ರಜೆ ಬೇಕು. ಜೋಕ್ ಹಾಕಿ ಅಂದ್ರಿ, ಇದೇ ನನ್ನ ಜೋಕ್.

ಫಿಸಿಯೋ_ಬೆಂಡಿಗೋ:
ಎಲ್ಲವನ್ನೂ ಓದ್ಕೊಂಡು ನಗ್ತಾ ಇದ್ದೆ. ಕೊನೇದಕ್ಕೆ ನಗೋಕಾಗಲಿಲ್ಲ. ಹನ್ನೊಂದು ವರ್ಷದಿಂದ ಇಲ್ಲಿನ ಹಳ್ಳಿ ಕಡೆ ಲೀಗ್‌ಗಳಲ್ಲಿ ಆಡೋ ಹುಡುಗರ ಬೆನ್ನು ನೋಡ್ತಾ ಇದ್ದೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಬೆನ್ನುಮೂಳೆಯ ಪ್ರತಿ ಮಣಿಯಿಂದಲೂ ಎರಡು ಪಕ್ಕಕ್ಕೆ ಪುಟ್ಟ ರೆಕ್ಕೆಗಳ ಥರ ಎಲುಬು ಚಾಚಿಕೊಂಡಿರುತ್ತೆ. ಟ್ರಾನ್ಸ್‌ವರ್ಸ್ ಪ್ರೋಸೆಸ್ ಅಂತಾರೆ. ಮಾರ್ಕ್ ಹಿಡಿಯೋಕೆ ಎಗರಿದವನ ಮಂಡಿ ಸೊಂಟದ ಮೇಲ್ಭಾಗಕ್ಕೆ ಬಡಿದಾಗ ಮುರಿಯೋದು ಹೆಚ್ಚಾಗಿ ಈ ರೆಕ್ಕೆ. "ಬೆನ್ನುಮೂಳೆ ಮುರಿದಿದೆ" ಅಂತ ಪತ್ರಿಕೆಯಲ್ಲಿ ಬಂದ ಆಟಗಾರ ಕೆಲವೇ ವಾರದಲ್ಲಿ ಮೈದಾನಕ್ಕಿಳಿದರೆ ಜನ "ಕಬ್ಬಿಣದ ಮನುಷ್ಯ" ಅಂತಾರೆ. ನಿಜ ಏನಂದ್ರೆ ಮುರಿದದ್ದು ಕಂಬ ಅಲ್ಲ, ಕಂಬದ ಪಕ್ಕದ ಚಾಚು. ಒಳಗಿನ ನರದ ಹುರಿಗೆ ಏನೂ ಆಗಿರಲ್ಲ. ಹಾಗಂತ ಸಣ್ಣ ನೋವಲ್ಲ. ಸೊಂಟದ ದೊಡ್ಡ ಸ್ನಾಯುಗಳು ಆ ರೆಕ್ಕೆಗೇ ಅಂಟಿಕೊಂಡಿರುತ್ತವೆ. ಕೆಮ್ಮಿದರೆ ನೋವು, ನಕ್ಕರೆ ನೋವು, ಹಾಸಿಗೆಯಲ್ಲಿ ಮಗ್ಗುಲು ಬದಲಿಸೋಕೆ ಇನ್ನೊಬ್ಬರು ಬೇಕು. ಅದೇ ಜಾಗದ ಒಳಭಾಗದಲ್ಲಿ ಮೂತ್ರಪಿಂಡ ಇದೆ, ಅದಕ್ಕೇ ಮೊದಲು ಮೂತ್ರದಲ್ಲಿ ರಕ್ತ ಇದೆಯಾ ಅಂತ ನೋಡ್ತೀವಿ. ರಿಚ್ಮಂಡ್ ತಂಡದ ಡಸ್ಟಿನ್ ಮಾರ್ಟಿನ್‌ಗೆ 2021ರಲ್ಲಿ ಮೂತ್ರಪಿಂಡವೇ ಸೀಳಿತ್ತು. ಆ ವರ್ಷ ಮತ್ತೆ ಆಡಲಿಲ್ಲ. ಅವನಿಗಿಂತ ಗಟ್ಟಿಗ ಯಾರಿದ್ದಾರೆ ಹೇಳಿ?

ಇನ್ನೊಂದು ಬಗೆ ಹೊರಗೆ ಕಾಣೋದೇ ಇಲ್ಲ. ಮಣಿಗಳ ನಡುವಿನ ಡಿಸ್ಕ್ ಉಬ್ಬಿ ಕಾಲಿಗೆ ಇಳಿಯೋ ನರವನ್ನ ಒತ್ತುತ್ತೆ. ರಕ್ತ ಇಲ್ಲ, ಬ್ಯಾಂಡೇಜ್ ಇಲ್ಲ, ಕುಂಟೂ ಇಲ್ಲ. ಆ ಹುಡುಗನ ಶೂ ಲೇಸ್ ಅವನ ಅಮ್ಮ ಕಟ್ಟಿ ಕಳಿಸಿರ್ತಾರೆ. ಅವನಿಗೆ ನಾವು "ನೆಪ" ಅಂತೀವಿ.

ಬೇಲಿ ಜೋಕ್ ಹಾಕಿ, ಮಂಚದ ಜೋಕ್ ಹಾಕಿ, ಗವ್‌ಗೇ ಹೇಳಿದರೂ ನಗಬಹುದು. "ನೆಪ" ಅನ್ನೋದನ್ನ ಮಾತ್ರ ಬಿಟ್ಟುಬಿಡಿ. ದಯವಿಟ್ಟು.

ಮ್ಯಾಗ್‌ಪೈ_ಮಂಡ್ಯ:
ಮೇಡಂ, ಇಷ್ಟು ದಿನ ಫುಟಿ ನೋಡಿದರೂ ಆ ರೆಕ್ಕೆ ವಿಷಯ ಗೊತ್ತಿರಲಿಲ್ಲ. ಥ್ಯಾಂಕ್ಸ್.

ಈ ಆಟದ ಕೂಗುಗಳಲ್ಲೇ ಬೆನ್ನು ಇದೆ ಅನ್ನೋದು ಈಗ ಹೊಳೀತು. ಯಾರನ್ನಾದರೂ ಹಿಂದಿನಿಂದ ತಳ್ಳಿದರೆ ಇಡೀ ಸ್ಟ್ಯಾಂಡ್ ಎದ್ದು "ಇನ್ ದ ಬ್ಯಾಕ್!" ಅಂತ ಅರಚುತ್ತೆ. ಬೆನ್ನಿಗೆ ತಳ್ಳಿದರೆ ಫ್ರೀ ಕಿಕ್. 2007ರಲ್ಲಿ ಇನ್ನೂ ಬಿಗಿ ಮಾಡಿದರು, ಮಾರ್ಕ್‌ಗೆ ಪೈಪೋಟಿ ನಡೆಯುವಾಗ ಎದುರಾಳಿ ಬೆನ್ನಿಗೆ ಕೈ ಇಟ್ಟರೂ ತಪ್ಪು ಅಂತ. 2019ರಲ್ಲಿ ಅದನ್ನ ಸಡಿಲಿಸಿ, ಕೈ ಇಡಬಹುದು, ತಳ್ಳಬಾರದು ಅಂದರು. ಕೈಗೆ ಇಷ್ಟೆಲ್ಲ ಕಟ್ಟುಪಾಡು, ಆದರೆ ಚೆಂಡಿನ ಮೇಲೆ ಕಣ್ಣಿಟ್ಟು ಎಗರಿ ಮಂಡಿ ಊರಿದರೆ ಕೇಳೋರಿಲ್ಲ! ಅದಕ್ಕೆ ಚಪ್ಪಾಳೆ, ವರ್ಷದ ಕೊನೆಗೆ ಬಹುಮಾನ.

ನಮ್ಮ ಕಾಲಿಂಗ್‌ವುಡ್‌ನ ಗ್ರೇಮ್ ಜೆಂಕಿನ್ ಅವರನ್ನೇ ತಗೊಳ್ಳಿ. 1970ರ ಗ್ರ್ಯಾಂಡ್ ಫೈನಲ್, 1,21,696 ಜನ, ಇವತ್ತಿಗೂ ದಾಖಲೆ. ಕಾರ್ಲ್‌ಟನ್‌ನ ಅಲೆಕ್ಸ್ ಜೆಸಲೆಂಕೊ ಜೆಂಕಿನ್ ಅವರ ಮೇಲೆ ಹತ್ತಿ ಹಿಡಿದ ಮಾರ್ಕ್‌ನ ಫೋಟೋ ಇಲ್ಲಿನ ಎಷ್ಟೋ ಪಬ್‌ಗಳ ಗೋಡೆ ಮೇಲಿದೆ. ಎಲ್ಲರೂ ನೋಡೋದು ಮೇಲಿದ್ದವರನ್ನ. ಕೆಳಗಿದ್ದವರ ಬೆನ್ನು ಹೇಗಿತ್ತು ಅಂತ ನಾನೂ ಇವತ್ತಿನವರೆಗೆ ಯೋಚನೆ ಮಾಡಿರಲಿಲ್ಲ. ಅರ್ಧ ಸಮಯಕ್ಕೆ 44 ಪಾಯಿಂಟ್ ಮುಂದಿದ್ದು ಅವತ್ತೂ ನಾವೇ ಸೋತಿದ್ದು, ಅದು ಬೇರೆ ಸಂಕಟ.

ಹಾಕ್ಸ್_ಹುಬ್ಬಳ್ಳಿ:
ಫಿಸಿಯೋ ಅಕ್ಕಾರ, ನಿಮ್ಮ ಮಾತು ಖರೇ ಐತಿ. ಆದ್ರ ಒಂದ್ ವಾದಾ ಐತಿ ನಂದು. ಬ್ರೆರೆಟನ್ ಅವತ್ತು ಹೊರಗ ಹೋಗಿದ್ರ ಅಂವಗ ಯಾರೂ ಬೈತಿದ್ದಿಲ್ಲ. ಅಂವಾ ತಾನಾಗೆ ನಿಂತ. ಅದನ್ನ ಹಾಡಿ ಹೊಗಳೂದು ತಪ್ಪೇನ್ರಿ? ನಮ್ಮಪ್ಪ ಗರಡಿಯೊಳಗ ತಾಲೀಮು ಮಾಡಿದಾಂವ. ಮೈ ಮುರಕೊಂಡು ಬಂದ್ರೂ ಮರುದಿನ ಮಣ್ಣಿಗೆ ಇಳೀತಿದ್ದ. ಅಂಥಾದನ್ನ ನೋಡಿ ಬೆಳದಾಂವ ನಾ. ಗಟ್ಟಿತನಕ್ಕ ಕೈ ಮುಗೀತೇನಿ, ಅದನ್ನ ಬಿಡೂದು ನನ್ನಿಂದ ಆಗಂಗಿಲ್ಲ.

ಫಿಸಿಯೋ_ಬೆಂಡಿಗೋ:
ಅಣ್ಣ, ಕೈ ಮುಗಿಯೋದು ಬಿಡಬೇಡಿ. ನಾನೂ ಮುಗೀತೀನಿ. ನನ್ನ ಬೇಡಿಕೆ ಇನ್ನೊಂದು ಕಡೆಯದು. ಆಡಿದವನಿಗೆ ಕತೆ, ಹಾಡು, ಪ್ರತಿಮೆ. ಕೂತು ವಾಸಿ ಮಾಡಿಕೊಂಡವನಿಗೆ ಏನಿದೆ? ಆಸ್ಟ್ರೇಲಿಯಾ ಕ್ರಿಕೆಟ್ ಬೌಲರ್ ಪ್ಯಾಟ್ ಕಮಿನ್ಸ್ 2011ರ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ 18 ವರ್ಷ, ಪಂದ್ಯಶ್ರೇಷ್ಠ. ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ವರ್ಷಗಳಲ್ಲಿ ಬೆನ್ನಿನ ಎಲುಬು ಮತ್ತೆ ಮತ್ತೆ ಸೀಳು ಬಿಡ್ತಾ ಇತ್ತು. ಕಾಯ್ದ. ಆಮೇಲೆ ಏನಾದ ಅಂತ 2023ರ ನವೆಂಬರ್ 19ರಂದು ಅಹಮದಾಬಾದ್‌ನ ವಿಶ್ವಕಪ್ ಫೈನಲ್‌ನಲ್ಲಿ ನಾವೆಲ್ಲ ನೋಡಿದ್ವಿ, ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಆ ಕಾಯುವಿಕೆಯೂ ಗಟ್ಟಿತನವೇ ಅಲ್ವಾ?

2025ರ ಜನವರಿಯಲ್ಲಿ ಸಿಡ್ನಿಯಲ್ಲಿ ಬುಮ್ರಾ ಬೆನ್ನು ಹಿಡ್ಕೊಂಡು ಎರಡನೇ ಇನ್ನಿಂಗ್ಸ್‌ನಲ್ಲಿ ಬೌಲ್ ಮಾಡದೆ ಕೂತ. ಅಷ್ಟು ಹೊತ್ತಿಗೆ ಆ ಸರಣಿಯಲ್ಲಿ 32 ವಿಕೆಟ್. ಅವತ್ತು ನಮ್ಮ ಮನೆಯಲ್ಲಿ ಯಾರೂ ಜೋಕ್ ಮಾಡಲಿಲ್ಲ, ಊಟಾನೂ ಸರಿಯಾಗಿ ಮಾಡಲಿಲ್ಲ. ನಮ್ಮವನ ಬೆನ್ನು ಅಂದ ತಕ್ಷಣ ನಮಗೇ ನೋವಾಗುತ್ತೆ.

ಟಾರ್ನೀಟ್_ಹೊಸಬ:
ಮೇಡಂ ಬರೆದದ್ದು ಓದಿ ಸುಮ್ಮನಿರೋಕಾಗಲಿಲ್ಲ. ನಾನು ಕಾಲೇಜಲ್ಲಿ ಕಬಡ್ಡಿ ಆಡ್ತಿದ್ದೆ. ಎಡ ಮೂಲೆ ಕ್ಯಾಚರ್. ಒಂದು ಟೂರ್ನಿಯಲ್ಲಿ ರೈಡರ್‌ನ ಹಿಡಿಯುವಾಗ ಮೂರು ಜನ ನನ್ನ ಮೇಲೆ ಬಿದ್ದರು, ಸೊಂಟದಲ್ಲಿ ಕರೆಂಟ್ ಹೊಡೆದ ಹಾಗಾಯ್ತು. ನಮ್ಮ ಕೋಚ್, "ಏನೂ ಆಗಿಲ್ಲ, ಎದ್ದೇಳೋ ಗಂಡಸೇ" ಅಂದರು. ಗೆಳೆಯರೂ "ಹುಲಿ ಹುಲಿ" ಅಂತ ಕೂಗಿದರು. ಎದ್ದೆ. ಇನ್ನೂ ಎರಡು ಪಂದ್ಯ ಆಡಿದೆ. ಆಮೇಲೆ ಎಡಗಾಲು ಜೋಮು ಹಿಡಿದು ಮೂರು ತಿಂಗಳು ಮಲಗಿದೆ. ಆ "ಹುಲಿ" ಅನ್ನೋ ಕೂಗು ಇದೆಯಲ್ಲ, ಅವತ್ತು ಎಷ್ಟು ಸಂತೋಷ ಕೊಟ್ಟಿತ್ತು ಅಂತ ಹೇಳೋಕಾಗಲ್ಲ. ಅವರು ಪ್ರೀತಿಯಿಂದಲೇ ಕೂಗಿದ್ದು. ಅದು ಇಲ್ಲದಿದ್ದರೆ ಬಹುಶಃ ನಾನು ಕೂತಿರ್ತಿದ್ದೆ.

ಹಾಕ್ಸ್_ಹುಬ್ಬಳ್ಳಿ:
ತಮ್ಮಾ, ಈಗ ಹೆಂಗದೀಯೋ? ಆರಾಮ ಅದೀಯಿಲ್ಲೋ?

ಟಾರ್ನೀಟ್_ಹೊಸಬ:
ಆರಾಮ್ ಇದ್ದೀನಿ ಅಣ್ಣ. ಬಗ್ಗಿ ಭಾರ ಎತ್ತಲ್ಲ, ಅಷ್ಟೆ.

ಶಿನ್‌ಬೋನರ್_ಶಿವಮೊಗ್ಗ:
ಮಕ್ಕಳೇ, ನಾನು ಈ ದೇಶಕ್ಕೆ ಬಂದು ಮೂವತ್ತು ವರ್ಷದ ಮೇಲಾಯ್ತು. ನಾರ್ತ್ ಮೆಲ್ಬರ್ನ್ ಬೆಂಬಲಿಗ. ನಮ್ಮ ತಂಡದ ಅಡ್ಡಹೆಸರೇ ಶಿನ್‌ಬೋನರ್ಸ್, ಮೊಣಕಾಲ ಕೆಳಗಿನ ಎಲುಬಿನದು. ಗ್ಲೆನ್ ಆರ್ಚರ್‌ಗೆ "ಶತಮಾನದ ಶಿನ್‌ಬೋನರ್" ಅಂತ ಬಿರುದು ಕೊಟ್ಟ ಕ್ಲಬ್ಬು ನಮ್ಮದು. 311 ಪಂದ್ಯದಲ್ಲಿ ಆತ ಯಾವ ಚೆಂಡಿಗೂ ಹಿಂಜರಿದದ್ದನ್ನ ನಾನು ಕಂಡಿಲ್ಲ. ಗಟ್ಟಿತನದ ಮೇಲಿನ ಮೋಹ ನನಗೂ ಕಡಿಮೆ ಇಲ್ಲ.

ಆದರೂ ಬೆನ್ನುಮೂಳೆ ಅಂದಾಗ ನನಗೆ ನೆನಪಾಗೋದು ನೀಲ್ ಸ್ಯಾಕ್ಸಿ. ಅಡಿಲೇಡ್ ಕಡೆಯ ಹುಡುಗ, ನಾರ್ತ್ ಅಡಿಲೇಡ್ ಕ್ಲಬ್ಬಿಂದ ಮೆಲ್ಬರ್ನ್‌ನ ಫುಟ್‌ಸ್ಕ್ರೇ ಕ್ಲಬ್ಬಿಗೆ ಬಂದಿದ್ದ. 1975ರ ಏಪ್ರಿಲ್, ವೆಸ್ಟರ್ನ್ ಓವಲ್, ಫಿಟ್ಜ್‌ರಾಯ್ ಎದುರು. ಫುಟ್‌ಸ್ಕ್ರೇಗೆ ಅದು ಅವನ ಎರಡನೇ ಪಂದ್ಯ. ಚೆಂಡಿಗೆ ತಲೆ ಬಗ್ಗಿಸಿ ಹೋದ, ಎದುರಿನಿಂದ ಬಂದ ಆಟಗಾರನಿಗೆ ಡಿಕ್ಕಿ. ಕತ್ತಿನ ಮೂಳೆ ಮುರಿದು ಕೈಕಾಲು ಎರಡೂ ಸ್ವಾಧೀನ ತಪ್ಪಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಆಟದ ನಡುವೆ ಆದದ್ದು. ಅದಾದ ಮೇಲೆ 45 ವರ್ಷ ಗಾಲಿಕುರ್ಚಿಯಲ್ಲಿ ಬದುಕಿದರು. ಬೆನ್ನುಹುರಿಯ ಸಂಶೋಧನೆಗೆ ಹಣ ಕೂಡಿಸೋ ಸಂಸ್ಥೆ ಕಟ್ಟಿದರು. 2020ರಲ್ಲಿ ತೀರಿಕೊಂಡರು.

ನಾನು ನಗೋದನ್ನ ನಿಲ್ಲಿಸಿ ಅಂತ ಹೇಳ್ತಿಲ್ಲ. ನಗುವಿಲ್ಲದ ಸ್ಟ್ಯಾಂಡಿನಲ್ಲಿ ನಾನು ಒಂದು ಕ್ವಾರ್ಟರೂ ಕೂರಲಾರೆ. ಗಟ್ಟಿಗರ ಪಟ್ಟಿ ಮಾಡುವಾಗ ನಾನು ಸ್ಯಾಕ್ಸಿ ಹೆಸರನ್ನ ಮೊದಲು ಬರೀತೀನಿ. ಎರಡೇ ಪಂದ್ಯ.

ಕಿರಿಕ್_ಕಾರ್ಲ್‌ಟನ್:
ಸರ್, ಈ ವಿಷಯ ನನಗೆ ಗೊತ್ತಿರಲಿಲ್ಲ. "ನೆಪ" ಅಂತ ಬರೆದದ್ದನ್ನ ವಾಪಸ್ ತಗೊಳ್ತೀನಿ. ಹೊಸಬ ಗೆಳೆಯರೇ, ಸಾರಿ. ನಿಮ್ಮನ್ನ ಉದ್ದೇಶಿಸಿ ಬರೆದದ್ದಲ್ಲ, ಆದರೆ ನಿಮಗೆ ತಾಗುತ್ತೆ ಅಂತ ಈಗ ಅರ್ಥ ಆಯ್ತು.

ಟಾರ್ನೀಟ್_ಹೊಸಬ:
ಅಯ್ಯೋ, ಸಾರಿ ಎಲ್ಲ ಯಾಕೆ. ಒಂದು ಜೋಕ್ ಹಾಕಿ, ಮುಗೀತು.

ಕಿರಿಕ್_ಕಾರ್ಲ್‌ಟನ್:
ಸರಿ ಹಾಗಾದ್ರೆ. "ಗವ್‌ನ ಬೆನ್ನು ಹತ್ತಿದ ಫಾರ್ವರ್ಡ್‌ಗಳು ಯಾರೂ ಉದ್ಧಾರ ಆಗಿಲ್ಲ. ಕೊನೆಗೆ ನೋವು ಬೆನ್ನು ಹತ್ತಿತು, ಅದೂ ಸುಸ್ತಾಗಿ ವಾಪಸ್ ಹೋಯ್ತು."

ಮ್ಯಾಗ್‌ಪೈ_ಮಂಡ್ಯ:
ಇದು ಚೆನ್ನಾಗಿದೆ! 👏

ಪರ್ತ್_ಪಡಸಾಲೆ:
ಕೆಲಸ ಮುಗಿಸಿ ಈಗ ಎಲ್ಲ ಓದಿದೆ. ಶಿವಮೊಗ್ಗ ಸರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಗವ್‌ನ ವಿಷಯದಲ್ಲೂ ಒಂದು ಹೇಳಬೇಕು. 2018ರ ಆಗಸ್ಟ್‌ನಲ್ಲಿ ಅಡಿಲೇಡ್ ಓವಲ್‌ನಲ್ಲಿ ಪೋರ್ಟ್ ಅಡಿಲೇಡ್ ಎದುರು ಆಟ ಮುಗಿಯೋ ಸೈರನ್ ಆದಮೇಲೆ ಗೋಲು ಹೊಡೆದು ಗೆಲ್ಲಿಸಿದ. ಡಿಫೆಂಡರ್ ಅವನು! ಮರುತಿಂಗಳು ಪಕ್ಕೆ ನೋವಲ್ಲೇ ಫೈನಲ್. ಮರುವರ್ಷ ಬೇಲಿ. ಅಷ್ಟೆಲ್ಲ ತಡೆದುಕೊಂಡವನನ್ನ ಕೊನೆಗೆ ನಿಲ್ಲಿಸಿದ್ದು ಬೆನ್ನಲ್ಲ, ಪಕ್ಕೆಯೂ ಅಲ್ಲ. ತಲೆಗೆ ಬಿದ್ದ ಪೆಟ್ಟು. ವೈದ್ಯರ ಸಮಿತಿ ಇನ್ನು ಆಡಬೇಡ ಅಂತ ಸಲಹೆ ಕೊಟ್ಟಿತು. ಆ ಸುದ್ದಿ ಬಂದ ದಿನ ನಮ್ಮ ಗುಂಪಿನಲ್ಲಿ ಒಬ್ಬರೂ "ಇನ್ನೊಂದು ವರ್ಷ ಆಡಬಹುದಿತ್ತು" ಅನ್ನಲಿಲ್ಲ. ಎಲ್ಲರೂ ಬರೆದದ್ದು, ಮನೆಗೆ ಹೋಗು, ಮಕ್ಕಳ ಜೊತೆ ಚೆನ್ನಾಗಿರು ಅಂತ. ಬೇಲಿ ಜೋಕ್ ಮಾಡಿದ ಅದೇ ಜನ.

ಇವತ್ತು ಸಂಜೆ ಮಗಳಿಗೆ ಮತ್ತೆ ಉತ್ತರ ಕೊಟ್ಟೆ. "ನೋವಿದ್ರೆ ಯಾಕೆ ಆಡಿದ ಅಂತ ಕೇಳಿದ್ಯಲ್ಲ, ಅವನಿಗೆ ಆ ಮ್ಯಾಚ್ ಅಷ್ಟು ಬೇಕಾಗಿತ್ತು. ಆದರೆ ನಿನಗೆ ಎಲ್ಲಾದರೂ ನೋವಾದರೆ ನೀನು ಹೊರಗೆ ಬರಬೇಕು. ನಾನು ಗೆರೆ ಹತ್ತಿರ ನೀರು ಹಿಡ್ಕೊಂಡು ನಿಂತಿರ್ತೀನಿ." ಮುಂದಿನ ತಿಂಗಳಿಂದ ಅವಳು ಆಸ್‌ಕಿಕ್‌ಗೆ ಸೇರ್ತಾಳೆ, ಚಿಕ್ಕ ಮಕ್ಕಳ ಫುಟಿ. ತಲೆ ಆಡಿಸಿದಳು. ಆಮೇಲೆ ಬಹಳ ಗಂಭೀರವಾಗಿ ಇನ್ನೊಂದು ಪ್ರಶ್ನೆ: "ಅಪ್ಪಾ, ಆ ಬೇಲಿಗೂ ಫಿಸಿಯೋ ಇದ್ರಾ?"

ಫಿಸಿಯೋ ಮೇಡಂ, ಇದನ್ನ ನಿಮ್ಮನ್ನೇ ಕೇಳಿ ಹೇಳ್ತೀನಿ ಅಂದಿದ್ದೀನಿ.

ಫಿಸಿಯೋ_ಬೆಂಡಿಗೋ:
ಇದ್ದಾರೆ ಪುಟ್ಟಿ. ಅವರಿಗೆ ಬಡಗಿ ಅಂತಾರೆ.